ಕರಗದ ದಾರಿಗೊಂದು ನಕ್ಷೆ

ಬೆಂಗಳೂರು ಕರಗ ಮುಗಿದು ಮೂರು ವಾರವಾಗಿತ್ತು. ಭಾನುವಾರ ಬೆಳಗ್ಗೆ ಏಳಕ್ಕೆಲ್ಲ ದೊಡ್ಡಪ್ಪನ ಜೊತೆ ಧರ್ಮರಾಯಸ್ವಾಮಿ ಗುಡಿಯ ಮುಂದೆ ನಿಂತಿದ್ದೆ. ಅವರು ಸರ್ವೇಯರ್ ಆಗಿ ನಿವೃತ್ತರಾದವರು. 33 ಅಡಿಯ ಸರಪಳಿ ಎಳೆದು ಊರೂರಿನ ಹೊಲ ಅಳೆದ ಕೈ. ಕರಗದ ದಾರಿಯನ್ನು ಹಗಲಲ್ಲಿ ಒಮ್ಮೆ ನಡೆದು ನಕ್ಷೆ ಬರೆಯಬೇಕೆಂಬುದು ಅವರ ಬಹುದಿನದ ಆಸೆ. ಇಡೀ ದಾರಿ ನಡೆಯಲು ಅವರ ಮಂಡಿ ಬಿಡುವುದಿಲ್ಲ. ಕಾಟನ್‌ಪೇಟೆಯ ದರ್ಗಾದವರೆಗೆ ಅಂತ ಮಾತಾಯಿತು.

ಕಾಫಿ ಕುಡಿಯುತ್ತಾ ಮೊಬೈಲಿನಲ್ಲಿದ್ದ ಫೋಟೋ ತೋರಿಸಿದೆ. ಜೋರ್ಡಾನಿನ ಮಾದಬಾ ಊರಿನ ಚರ್ಚಿನ ನೆಲದ್ದು. 6ನೇ ಶತಮಾನದಲ್ಲಿ ಬಣ್ಣದ ಕಲ್ಲುಚೂರು ಜೋಡಿಸಿ ಮಾಡಿದ ಪುಣ್ಯಭೂಮಿಯ ನಕ್ಷೆ.

"ಉತ್ತರ ಎಲ್ಲಮ್ಮ?" ಅಂದರು, ಮೊದಲ ನೋಟಕ್ಕೇ.

"ಎಡಗಡೆ ದೊಡ್ಡಪ್ಪ. ಮೇಲೆ ಪೂರ್ವ. ಪೂಜೆಗೆ ನಿಂತವರು ಮುಖ ಮಾಡುವ ದಿಕ್ಕು."

ಜೆರುಸಲೇಮನ್ನು ಮಾತ್ರ ಎಷ್ಟು ದೊಡ್ಡದಾಗಿ ಬಿಡಿಸಿದ್ದಾರೆಂದರೆ ಬೀದಿಯ ಕಂಬಸಾಲನ್ನೂ ಗುರುತಿಸಬಹುದು. ಜೋರ್ಡಾನ್ ನದಿಯಲ್ಲೊಂದು ಮೀನು ಮೃತ ಸಮುದ್ರದ ಉಪ್ಪುನೀರಿಗೆ ಹೆದರಿ ವಾಪಸ್ ತಿರುಗಿದೆ. ದೊಡ್ಡಪ್ಪ ಆ ಮೀನನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಅದೇ ನೆಲವನ್ನು 1871ರಿಂದ 1877ರವರೆಗೆ ಬ್ರಿಟಿಷ್ ಸೇನೆಯ ಎಂಜಿನಿಯರುಗಳು ಅಳೆದರು. ಮೈಲಿಗೊಂದು ಅಂಗುಲದ ಲೆಕ್ಕದಲ್ಲಿ 26 ಹಾಳೆ. ಅವರಲ್ಲೊಬ್ಬ ಕಿಚನರ್, ಮುಂದೆ ಭಾರತದ ಸೇನೆಯ ದಂಡನಾಯಕನಾದವನು. ಅಚ್ಚುಕಟ್ಟಾದ ಕೆಲಸವೇ, ಆದರೆ ನನ್ನ ಮನಸ್ಸು ನಿಲ್ಲುವುದು ಮೀನಿನ ಹತ್ತಿರ.

ಪೇಟೆಯ ಸಂದಿಗಳಲ್ಲಿ ದೊಡ್ಡಪ್ಪ ಹೆಜ್ಜೆ ಎಣಿಸುತ್ತಾ ಬಂದರು. ಕೈಗಾಡಿ ಅಡ್ಡ ಬಂದಾಗಲೆಲ್ಲ ಲೆಕ್ಕ ತಪ್ಪುತ್ತಿತ್ತು. ಒಂದು ತಿರುವಿನಲ್ಲಿ ಹೂ ಕಟ್ಟುತ್ತಿದ್ದ ಅಜ್ಜಿಯನ್ನು ಕರಗ ಯಾವ ಕಡೆಯಿಂದ ಬರುತ್ತೆ ಅಂತ ಕೇಳಿದೆವು. ಅವರು ಎಡ ಬಲ ಹೇಳಲಿಲ್ಲ.

"ಇಲ್ಲಿ ಆರತಿ ಎತ್ತೋ ಹೊತ್ತಿಗೆ ಮೂರು ಗಂಟೆ ಆಗಿರುತ್ತಪ್ಪ. ವೀರಕುಮಾರರ ಕತ್ತಿ ಸದ್ದು ಮೊದಲು ಬರುತ್ತೆ, ಆಮೇಲೆ ಮಲ್ಲಿಗೆ ವಾಸನೆ. ನಾವು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟು ಕಾಯ್ತಿರ್ತೀವಿ."

ದೊಡ್ಡಪ್ಪ ಎಣಿಸುವುದನ್ನು ಅಲ್ಲಿಗೇ ಬಿಟ್ಟರು. ಪುಸ್ತಕದಲ್ಲಿ ಆ ಮನೆಯನ್ನು ಗುಡಿಯಷ್ಟೇ ದೊಡ್ಡದಾಗಿ ಬರೆದು, ಬಾಗಿಲಿಗೊಂದು ರಂಗೋಲಿಯನ್ನೂ ಇಟ್ಟರು.

ತವಕ್ಕಲ್ ಮಸ್ತಾನ್ ದರ್ಗಾ ತಲುಪುವಷ್ಟರಲ್ಲಿ ಬಿಸಿಲೇರಿತ್ತು. ತಲೆಗೆ ಕರ್ಚೀಫು ಕಟ್ಟಿಕೊಂಡು ಒಳಗೆ ಹೋಗಿ ಬಂದ ದೊಡ್ಡಪ್ಪ ಮೆಟ್ಟಿಲ ಪಕ್ಕ ಕೂತು ಪೆನ್ಸಿಲ್ ತೆಗೆದರು. ಚೈತ್ರ ಹುಣ್ಣಿಮೆಯ ರಾತ್ರಿ ಕರಗ ಇಲ್ಲಿಗೆ ಬಂದು ಮೂರು ಸುತ್ತು ಹಾಕುತ್ತದೆ. ಅವರ ನಕ್ಷೆಯಲ್ಲಿ ದಾರಿಯ ಗೆರೆಯೂ ದರ್ಗಾವನ್ನು ಮೂರು ಸಲ ಸುತ್ತಿತು.