ಬಹ್ರೈನ್‌ಗೆ ಬಂದರೆ ಕೆಲಸ ಸಿಗುತ್ತಾ? ಐಟಿಐ ಹುಡುಗರಿಗೆ ನನ್ನ ಉತ್ತರ

"ಅಣ್ಣಾ, ಐಟಿಐ ಆಗಿದೆ. ಊರಲ್ಲಿ ಮೂರು ವರ್ಷ ಕೆಲಸ ಮಾಡಿದ್ದೀನಿ. ಬಹ್ರೈನ್‌ಗೆ ಬಂದರೆ ಒಳ್ಳೆ ಕೆಲಸ ಸಿಗುತ್ತಾ?" ಉಡುಪಿ, ಕುಂದಾಪುರ, ಭಟ್ಕಳದ ಕಡೆಯಿಂದ ನನಗೆ ಬರುವ ಹೆಚ್ಚಿನ ಫೋನುಗಳು ಇದಕ್ಕೇ. ಕೇಳುವವರಲ್ಲಿ ಎಲೆಕ್ಟ್ರಿಷಿಯನ್, ಎಸಿ ಮೆಕ್ಯಾನಿಕ್, ವೆಲ್ಡರ್, ಪ್ಲಂಬರ್ ಎಲ್ಲರೂ ಇದ್ದಾರೆ. ಫೋನಿನಲ್ಲಿ ಎರಡು ಮಾತಲ್ಲಿ ಮುಗಿಯುವ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕೆಲಸ ಇದೆ. ಆದರೆ ರಿಪೇರಿ ಬಲ್ಲವರಿಗೆ ಇದೆ. ಬರೀ ಹೊಸದನ್ನು ಕೂರಿಸುವುದು ಮಾತ್ರ ಗೊತ್ತಿದ್ದರೆ, ಪ್ರಾಜೆಕ್ಟ್ ನಡೆಯುವಷ್ಟು ದಿನ ಮಾತ್ರ.

ಬಹ್ರೈನ್ ಸಣ್ಣ ದ್ವೀಪಗಳ ದೇಶ. ಎಲ್ಲಾ ಸೇರಿಸಿದರೂ ಸುಮಾರು 780 ಚದರ ಕಿಲೋಮೀಟರ್. ಉಡುಪಿ ಜಿಲ್ಲೆಯ ಕಾಲು ಭಾಗಕ್ಕಿಂತ ಕಡಿಮೆ. ಇರುವ ಸುಮಾರು 15 ಲಕ್ಷ ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರದೇಶದವರೇ. ದೊಡ್ಡ ಪ್ರಾಜೆಕ್ಟ್ ಬಂದರೆ ಸಾವಿರಾರು ಕೈ ಬೇಕಾಗುತ್ತವೆ, ಮುಗಿದ ಮೇಲೆ ಅವರಿಗೆಲ್ಲ ಕೊಡುವಷ್ಟು ಕೆಲಸ ಇಲ್ಲಿ ಉಳಿಯುವುದಿಲ್ಲ. ಸಿತ್ರಾದ ರಿಫೈನರಿ ವಿಸ್ತರಣೆಯನ್ನೇ ನೋಡಿ. ವರ್ಷಗಟ್ಟಲೆ ನಡೆದ ಕೆಲಸ, 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯೂ ಆಯಿತು. ಕಟ್ಟುವಾಗ ಬೇಕಾದಷ್ಟು ಜನ ನಡೆಸುವಾಗ ಬೇಡ ಅಲ್ವಾ?

ಇಲ್ಲಿ ಎಂದೂ ನಿಲ್ಲದ್ದು ದುರಸ್ತಿ ಕೆಲಸ. ಸುತ್ತಲೂ ಸಮುದ್ರ, ಉಪ್ಪಿನ ಗಾಳಿ, ಮೇಲೆ ಮರಳಿನ ಧೂಳು, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ನಾನು ಎಸಿ ಮೇಂಟೆನೆನ್ಸ್‌ನವನು, ಅದನ್ನೇ ಹೇಳುತ್ತೇನೆ. ಸಮುದ್ರದ ಪಕ್ಕದ ಕಟ್ಟಡದ ತಾರಸಿಯಲ್ಲಿರುವ ಔಟ್‌ಡೋರ್ ಯೂನಿಟ್ ಬಿಚ್ಚಿದರೆ ಕಾಯಿಲಿನ ಅಲ್ಯುಮಿನಿಯಂ ರೆಕ್ಕೆಗಳು ಕೈಗೆ ಹಪ್ಪಳದ ಹಾಗೆ ಪುಡಿಯಾಗಿ ಬರುತ್ತವೆ. ಗಾಳಿ ಸರಿಯಾಗಿ ಆಡುವುದಿಲ್ಲ, ಪ್ರೆಷರ್ ಏರುತ್ತದೆ, ಕಂಪ್ರೆಸರ್ ಬಿಸಿಯಾಗಿ ಟ್ರಿಪ್ ಆಗುತ್ತದೆ. ಮನೆಯವರು ಹೇಳುವುದು ಒಂದೇ, "ಗ್ಯಾಸ್ ಖಾಲಿಯಾಗಿದೆ." ಕೆಲಸ ಅರ್ಧ ಕಲಿತವನು ಸೀದಾ ಗ್ಯಾಸ್ ತುಂಬಿ ಹೋಗುತ್ತಾನೆ. ವಾರದೊಳಗೆ ಅದೇ ಕಂಪ್ಲೇಂಟ್ ಮತ್ತೆ ಬರುತ್ತದೆ. ಕೆಲಸ ಬಲ್ಲವನು ಮೊದಲು ಕಾಯಿಲ್ ನೋಡುತ್ತಾನೆ, ಕೆಪಾಸಿಟರ್ ಚೆಕ್ ಮಾಡುತ್ತಾನೆ, ಕಾಂಟ್ಯಾಕ್ಟರ್ ಸುಟ್ಟಿದೆಯಾ ಅಂತ ನೋಡುತ್ತಾನೆ, ಆಂಪಿಯರ್ ಅಳೆಯುತ್ತಾನೆ. ಲೀಕ್ ಇದೆ ಅನಿಸಿದರೆ ನೈಟ್ರೋಜನ್ ತುಂಬಿ, ಜಾಯಿಂಟಿಗೆ ಸೋಪು ನೀರು ಹಾಕಿ ಗುಳ್ಳೆ ಏಳುವ ಜಾಗ ಹುಡುಕುತ್ತಾನೆ. ಅಂಥವನನ್ನು ಯಾವ ಕಂಪನಿಯೂ ಸುಲಭಕ್ಕೆ ಬಿಡುವುದಿಲ್ಲ. ಇಡೀ ಕಟ್ಟಡವನ್ನು ತಂಪು ಮಾಡುವ ದೊಡ್ಡ ಚಿಲ್ಲರ್ ಯಂತ್ರಗಳ ಕೆಲಸವೂ ಗೊತ್ತಿದ್ದರಂತೂ ಬೇರೆಯೇ ಬೆಲೆ.

ವೆಲ್ಡರ್‌ಗಳಿಗೆ ಅಲ್ಬಾ ಅಲ್ಯುಮಿನಿಯಂ ಕಾರ್ಖಾನೆ, ಹಿದ್‌ನಲ್ಲಿ 1977ರಿಂದ ಇರುವ ಹಡಗು ರಿಪೇರಿಯ ಅಸ್ರಿ ಯಾರ್ಡ್, ಮತ್ತೆ ರಿಫೈನರಿಯ ಶಟ್‌ಡೌನ್ (ರಿಪೇರಿಗಾಗಿ ಘಟಕ ನಿಲ್ಲಿಸಿದಾಗಿನ) ಕೆಲಸಗಳಿವೆ. ಗೇಟು ಗ್ರಿಲ್ ಮಾಡಿದ ಅನುಭವ ಇಲ್ಲಿ ನಡೆಯುವುದಿಲ್ಲ. ಪೈಪ್ ಮೇಲೆ ಟಿಗ್ ವೆಲ್ಡಿಂಗ್, ಅಂದರೆ ಓರೆಯಾಗಿ ಕಟ್ಟಿದ ಪೈಪನ್ನು ಸುತ್ತಲೂ ಬೆಸೆದು ತೋರಿಸುವ 6ಜಿ ಟೆಸ್ಟ್ ಪಾಸಾಗಿರಬೇಕು. ಎಲೆಕ್ಟ್ರಿಷಿಯನ್‌ಗಳೂ ಅಷ್ಟೇ, ಮನೆ ವೈರಿಂಗ್ ಜೊತೆಗೆ ಪ್ಯಾನೆಲ್ ಮತ್ತು ಮೋಟಾರ್ ಕಂಟ್ರೋಲ್ ಕಲಿತು ಬನ್ನಿ.

ಈಗ ಕಾಗದದ ವಿಷಯ. ನನಗೆ ಹೊಟ್ಟೆ ಉರಿಯುವುದು ಇಲ್ಲಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಇಸಿಆರ್. ಅಂಥವರು ಕೆಲಸಕ್ಕೆ ಗಲ್ಫ್‌ಗೆ ಹೊರಡುವಾಗ ಭಾರತ ಸರ್ಕಾರದ ಇ-ಮೈಗ್ರೇಟ್ ಆನ್‌ಲೈನ್ ತಾಣದ ಮೂಲಕ ಅನುಮತಿ ಬೇಕು, ಕಾಂಟ್ರ್ಯಾಕ್ಟ್ ಅಲ್ಲಿ ದಾಖಲಾಗುತ್ತದೆ. ಐಟಿಐ ಹುಡುಗರಲ್ಲಿ ಹೆಚ್ಚಿನವರು ಹತ್ತನೇ ಪಾಸು, ಅವರಿಗೆ ಈ ತಪಾಸಣೆಯೇ ಇಲ್ಲ. ಮೋಸ ಮಾಡುವ ಏಜೆಂಟಿಗೆ ಬೇಕಾದ್ದೂ ಅದೇ. "ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಾಯಿಸಿಕೊಡ್ತಾರೆ" ಅನ್ನುತ್ತಾನೆ. ದಯವಿಟ್ಟು ಹಾಗೆ ಬರಬೇಡಿ. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಕಾನೂನಿಗೆ ವಿರುದ್ಧ. ಸಿಕ್ಕಿಬಿದ್ದರೆ ಸಂಬಳವೂ ಹೋಯಿತು, ಮತ್ತೆ ಬರುವ ದಾರಿಯೂ ಹೋಯಿತು.

ಏಜೆಂಟ್ ಲೈಸೆನ್ಸ್ ಇರುವವನಾ ಅಂತ ಇ-ಮೈಗ್ರೇಟ್ ತಾಣದಲ್ಲೇ ನೋಡಬಹುದು. ಅವನು ತೆಗೆದುಕೊಳ್ಳಬಹುದಾದ ಫೀಸಿಗೂ ಮಿತಿ ಇದೆ, 30,000 ರೂಪಾಯಿ ಮತ್ತು ಅದರ ಮೇಲೆ ಜಿಎಸ್‌ಟಿ. ಲಕ್ಷ ಕೇಳಿದರೆ ಎದ್ದು ಬನ್ನಿ. ಇಲ್ಲಿನ ವರ್ಕ್ ಪರ್ಮಿಟ್ ಖರ್ಚನ್ನು ಭರಿಸಬೇಕಾದ್ದು ಕಂಪನಿ, ನೀವಲ್ಲ. ಅಮ್ಮನ ಬಳೆ ಅಡವಿಟ್ಟು ಬಂದು, ಮೊದಲ ವರ್ಷ ಪೂರ್ತಿ ಬಡ್ಡಿ ಕಟ್ಟಿದ ಹುಡುಗರನ್ನು ನೋಡಿದ್ದೇನೆ. ನೋಡಲಿಕ್ಕಾಗುವುದಿಲ್ಲ.

ಸಂಬಳದ ಲೆಕ್ಕ ಹಾಕುವಾಗ ದಿನಾರನ್ನು ರೂಪಾಯಿಗೆ ಗುಣಿಸಿ ಖುಷಿಪಡಬೇಡಿ. ಒಂದು ದಿನಾರ್ ಅಂದರೆ ಸುಮಾರು 2.65 ಡಾಲರ್, ಗುಣಿಸಿದರೆ ಎಲ್ಲವೂ ದೊಡ್ಡದಾಗಿಯೇ ಕಾಣುತ್ತದೆ. ಸಂಬಳಕ್ಕೆ ಆದಾಯ ತೆರಿಗೆ ಇಲ್ಲ, ನಿಜ. ಆದರೆ ರೂಮು ಕಂಪನಿಯದ್ದಾ, ಊಟ ಯಾರದ್ದು, ಊರಿಗೆ ಹೋಗುವ ಟಿಕೆಟ್ ಎಷ್ಟು ವರ್ಷಕ್ಕೊಮ್ಮೆ, ಬೇಸಿಕ್ ಎಷ್ಟು, ಅಲೋವೆನ್ಸ್ ಎಷ್ಟು, ಎಲ್ಲಾ ಬಿಡಿಸಿ ಕೇಳಿ. ಕೆಲಸ ಬಿಡುವಾಗ ಸಿಗುವ ಹಣಕ್ಕೆ ಬೇಸಿಕ್ ಮುಖ್ಯ. ಕಾನೂನಿನ ಪ್ರಕಾರ ಮೊದಲ ಮೂರು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲೆ ವರ್ಷಕ್ಕೆ ಒಂದು ತಿಂಗಳದ್ದು. ಬೇಸಿಕ್ ಕಮ್ಮಿ ಇಟ್ಟು ಅಲೋವೆನ್ಸ್ ಜಾಸ್ತಿ ತೋರಿಸಿದರೆ ನಷ್ಟ ನಿಮ್ಮದು.

ಇನ್ನೊಂದು, ಸೇತುವೆ ದಾಟಿದರೆ ಸೌದಿ, 25 ಕಿಲೋಮೀಟರ್ ಅಷ್ಟೇ. ಆದರೆ ಬಹ್ರೈನ್ ಪರ್ಮಿಟ್ ಅಲ್ಲಿ ಕೆಲಸ ಮಾಡಲು ನಡೆಯುವುದಿಲ್ಲ. ಇಲ್ಲಿ ಆಗದಿದ್ದರೆ ಅಲ್ಲಿ ನೋಡೋಣ ಅನ್ನುವ ಲೆಕ್ಕ ಇಟ್ಟುಕೊಳ್ಳಬೇಡಿ.

ಊರಲ್ಲೇ ಸ್ವಂತ ಗಿರಾಕಿಗಳಿದ್ದು, ಇಬ್ಬರು ಹುಡುಗರನ್ನು ಇಟ್ಟುಕೊಂಡು ದುಡಿಯುತ್ತಿರುವವರಿಗೆ ನಾನು ಬನ್ನಿ ಅನ್ನುವುದಿಲ್ಲ. ನೀವು ಬಿಟ್ಟು ಬಂದ ಗಿರಾಕಿ ಎರಡು ವರ್ಷ ನಿಮಗಾಗಿ ಕಾಯುವುದಿಲ್ಲ. ಹೆಂಡತಿ ಮಕ್ಕಳನ್ನು ಕರೆಸುವುದಕ್ಕೂ ಇಲ್ಲಿ ಇಷ್ಟು ಸಂಬಳ ಇರಬೇಕು ಅನ್ನುವ ನಿಯಮ ಇದೆ, ಹೊಸದಾಗಿ ಬರುವ ಟೆಕ್ನಿಷಿಯನ್‌ಗೆ ಅದು ಸಾಮಾನ್ಯವಾಗಿ ಎಟುಕುವುದಿಲ್ಲ. ಮದುವೆಯಾಗದ, ಕೆಲಸ ಚೆನ್ನಾಗಿ ಕಲಿತ, ಇನ್ನೂ ಕಲಿಯುವ ಆಸೆ ಇರುವ ಹುಡುಗರಿಗೆ ಮಾತ್ರ ಧೈರ್ಯವಾಗಿ ಬನ್ನಿ ಅನ್ನುತ್ತೇನೆ.

ಆಫರ್ ಲೆಟರ್ ಕೈಗೆ ಬಂದಿದ್ದರೆ ದುಡ್ಡು ಕಟ್ಟುವ ಮೊದಲು ಅದರ ಫೋಟೋ ನನಗೆ ಕಳಿಸಿ. ಏಜೆಂಟ್ ಹೇಳಿದ ಮಾತು ಬೇಡ, ಸಹಿ ಇರುವ ಕಾಗದ ಸಾಕು. ರಾತ್ರಿ ರೂಮಿಗೆ ಬಂದ ಮೇಲೆ ಓದಿ ಖಂಡಿತ ಉತ್ತರ ಕೊಡುತ್ತೇನೆ.