ಗಡಿ ಊರುಗಳ ಕನ್ನಡ ನಕ್ಷೆ: ಎಸ್ಕ್, ಲಿಡ್ಲ್, ಟೀವಿಯಟ್ ಹಾಳೆಗಳು ಎಲ್ಲಿಗೆ ಬಂದವು

ಎಸ್ಕ್ ಕಣಿವೆಯ ಹಾಳೆ ಮುಗಿಯಿತು. ಲಿಡ್ಲ್ ಹಾಳೆಗೆ ಇಂಕು ಹಾಕುವುದು ಬಾಕಿ. ಟೀವಿಯಟ್ ಇನ್ನೂ ಪೆನ್ಸಿಲ್‌ನಲ್ಲೇ ಇದೆ.

ಹೊಸದಾಗಿ ಓದುವವರಿಗೆ ಎರಡು ಮಾತು. ಇಂಗ್ಲೆಂಡ್–ಸ್ಕಾಟ್ಲೆಂಡ್ ಗಡಿಯ ಆಚೀಚೆ ಇರುವ ಊರುಗಳ ನಕ್ಷೆಯನ್ನು ಕನ್ನಡದಲ್ಲಿ, ಕೈಯಲ್ಲೇ ಬರೆಯುತ್ತಿದ್ದೇನೆ. ಎಸ್ಕ್, ಲಿಡ್ಲ್, ಟೀವಿಯಟ್ ಎಲ್ಲ ಅಲ್ಲಿನ ಹೊಳೆಗಳು, ಒಂದೊಂದರ ಕಣಿವೆಗೆ ಒಂದು ಎ3 ಹಾಳೆ. ಅಂಚಿನಲ್ಲಿ ಆಯಾ ಊರಿನವರು ಏನನ್ನು ನೆನಪಿಟ್ಟುಕೊಂಡಿದ್ದಾರೆ ಅನ್ನುವ ಟಿಪ್ಪಣಿ. ರಾಜರಿಗೂ ಕೋಟೆಗಳಿಗೂ ಜಾಗ ಕಮ್ಮಿ, ಅವರ ಬಗ್ಗೆ ಬರೆಯೋರು ಬೇಕಾದಷ್ಟು ಜನ ಇದ್ದಾರೆ. ತಳಪಾಯಕ್ಕೆ ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದವರು ಬಿಟ್ಟಿಯಾಗಿ ಆನ್‌ಲೈನ್‌ನಲ್ಲಿ ಇಟ್ಟಿರುವ 19ನೇ ಶತಮಾನದ ಆರ್ಡ್‌ನೆನ್ಸ್ ಸರ್ವೆ (ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ) ನಕ್ಷೆಗಳು. ಮೈಲಿಗೆ ಆರು ಇಂಚಿನ ಆ ನಕ್ಷೆಗಳಲ್ಲಿ ಒಂದೊಂದು ಬಾವಿಯೂ, ಕುರಿದೊಡ್ಡಿಯೂ ಕಾಣುತ್ತದೆ. ಸುಮ್ನೆ ನೋಡುತ್ತಾ ಕೂತರೆ ಶನಿವಾರವೇ ಹೋಗಿಬಿಡುತ್ತದೆ.

ಎಸ್ಕ್ ಹಾಳೆಯಲ್ಲಿ ನಾನು ಸ್ಕೇಲ್ ಇಟ್ಟು ಎಳೆದ ಗೆರೆ ಒಂದೇ. ಗಡಿ ಮಿಕ್ಕ ಕಡೆಯೆಲ್ಲ ಹೊಳೆಯ ಜೊತೆ, ಗುಡ್ಡದ ಏಣಿನ ಜೊತೆ ಬಳುಕಿಕೊಂಡು ಹೋಗುತ್ತದೆ. ಎಸ್ಕ್ ಮತ್ತು ಸಾರ್ಕ್ ಹೊಳೆಗಳ ನಡುವೆ ಮಾತ್ರ ನೆಟ್ಟಗೆ ಇದೆ. ಅದೇ ಸ್ಕಾಟ್ಸ್ ಡೈಕ್. ಅಲ್ಲಿನ ನೆಲ ಯಾರದು ಅನ್ನುವುದು ಬಹಳ ಕಾಲ ತೀರ್ಮಾನವೇ ಆಗಿರಲಿಲ್ಲ. ಹಗಲು ಹೊತ್ತು ಎರಡೂ ಕಡೆಯವರು ದನ ಮೇಯಿಸಬಹುದಿತ್ತು, ಮನೆ ಕಟ್ಟುವ ಹಾಗಿರಲಿಲ್ಲ. ಯಾರ ಕಾನೂನೂ ನಡೆಯದ ಜಾಗ ಅಂದ ಮೇಲೆ ಅಲ್ಲಿ ಯಾರು ಬಂದು ಸೇರುತ್ತಾರೆ ಅಂತ ಹೇಳಬೇಕಾಗಿಲ್ಲ ಅಲ್ವಾ? ಆರ್ಮ್‌ಸ್ಟ್ರಾಂಗ್, ಗ್ರಹಾಂ ಮನೆತನದ ದನಗಳ್ಳರಿಗೆ ಅದೇ ತವರು. ಕೊನೆಗೆ 1552ರಲ್ಲಿ ಜಗಳ ಬಗೆಹರಿಸಲು ಫ್ರಾನ್ಸಿನ ರಾಯಭಾರಿಯನ್ನು ಕೂರಿಸಿದರು. ಎರಡೂ ಕಡೆಯವರು ಒಂದೊಂದು ಗೆರೆ ತೋರಿಸಿದರು, ಅವನು ಮಧ್ಯದಲ್ಲಿ ಇನ್ನೊಂದು ಎಳೆದ. ಅದರ ಮೇಲೆ ಮಣ್ಣಿನ ಏರಿ ಹಾಕಿದರು. ಈಗ ಅಲ್ಲಿ ಮರಗಳ ಸಾಲು, ಸವೆದ ದಿಬ್ಬ, ಕಾಲಿಗೆ ಮೆತ್ತುವ ಕೆಸರು. ಗೊತ್ತಿಲ್ಲದವರು ನೋಡಿದರೆ ಹಳೇ ಕಾಲುವೆ ಅಂದುಕೊಳ್ಳಬೇಕು.

ಅದೇ ಹಾಳೆಯ ಮೇಲ್ಭಾಗದಲ್ಲಿ ಲ್ಯಾಂಗಮ್ ಊರು. ನಾನು ಈ ನಕ್ಷೆಯ ಹುಚ್ಚು ಹತ್ತಿಸಿಕೊಂಡಿದ್ದೇ ಇಲ್ಲಿ. ಊರಿನ ಪಕ್ಕದ ವ್ಹೀಟಾ ಗುಡ್ಡದ ನೆತ್ತಿಯ ಮೇಲೆ ನೂರು ಅಡಿಯ ಕಲ್ಲಿನ ಕಂಬವಿದೆ. ಮೈಲಿಗಟ್ಟಲೆ ದೂರದಿಂದ ಕಾಣುತ್ತದೆ. ಅದು ಸರ್ ಜಾನ್ ಮಾಲ್ಕಂ ನೆನಪಿಗೆ ನಿಲ್ಲಿಸಿದ್ದು. ನಾನು ಮಂಡ್ಯ ಕಡೆಯವನು. ಶ್ರೀರಂಗಪಟ್ಟಣದ ಚರಿತ್ರೆಯಲ್ಲಿ ಬರುವ ಹೆಸರು ಈ ಕುರಿ ಮೇಯುವ ಗುಡ್ಡದ ಮೇಲೆ ಸಿಕ್ಕಿದರೆ ಸುಮ್ಮನಿರಲು ಆಗುತ್ತದೆಯೇ?

ಮಾಲ್ಕಂ ಹುಟ್ಟಿದ್ದು 1769ರಲ್ಲಿ, ಲ್ಯಾಂಗಮ್‌ಗೆ ಹತ್ತಿರದ ಬರ್ನ್‌ಫುಟ್ ಎಂಬ ಹೊಲಮನೆಯಲ್ಲಿ. ಅಪ್ಪ ಗುತ್ತಿಗೆ ರೈತ. ಮಕ್ಕಳು ಹದಿನೇಳು ಜನ. ಸಾಲ ಬೇರೆ. ಹುಡುಗನನ್ನು ಕೆಲಸಕ್ಕಾಗಿ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿ ಕಚೇರಿಗೆ ಕರೆದೊಯ್ದಾಗ ಅವನಿಗೆ ಹನ್ನೆರಡರ ಆಸುಪಾಸು. ‘ಹೈದರ್ ಅಲಿ ಎದುರಿಗೆ ಸಿಕ್ಕರೆ ಏನು ಮಾಡ್ತೀಯೋ ಮರಿ?’ ಅಂತ ಒಬ್ಬ ನಿರ್ದೇಶಕ ತಮಾಷೆಗೆ ಕೇಳಿದನಂತೆ. ಕತ್ತಿ ಹಿರಿದು ತಲೆ ಕಡಿದುಬಿಡ್ತೀನಿ ಅಂದನಂತೆ ಹುಡುಗ. ಕೆಲಸ ಸಿಕ್ಕಿತು. ಅವನು ಮದ್ರಾಸಿನಲ್ಲಿ ಇಳಿದಿದ್ದು 1783ರಲ್ಲಿ. ಹೈದರ್ ಹಿಂದಿನ ಡಿಸೆಂಬರಿನಲ್ಲೇ ತೀರಿಕೊಂಡಿದ್ದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮಾಲ್ಕಂ ಅಲ್ಲಿದ್ದ. ಆಮೇಲೆ ಮೈಸೂರನ್ನು ಹಂಚಿ, ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಐದರ ವಯಸ್ಸಿನಲ್ಲಿ ಪಟ್ಟಕ್ಕೆ ಕೂರಿಸಿದ ಕಮಿಷನ್ನಿಗೆ ಇವನೂ ಥಾಮಸ್ ಮನ್ರೋನೂ ಕಾರ್ಯದರ್ಶಿಗಳು. ಮುಂದೆ ಮೈಸೂರಿಗೆ ರೆಸಿಡೆಂಟ್, ಅಂದರೆ ಕಂಪನಿಯ ಪ್ರತಿನಿಧಿ, ಆಗಿಯೂ ಬಂದ.

ಈಗ ಊರಿನವರ ನೆನಪಿಗೆ ಬರೋಣ. ಜುಲೈ ಕೊನೆಯ ಶುಕ್ರವಾರ ಲ್ಯಾಂಗಮ್‌ನಲ್ಲಿ ಕಾಮನ್ ರೈಡಿಂಗ್. ಊರಿನ ಗೋಮಾಳ ಎಲ್ಲಿಂದ ಎಲ್ಲಿವರೆಗೆ ಅಂತ 1759ರಲ್ಲಿ ಕೋರ್ಟು ತೀರ್ಪು ಕೊಟ್ಟಿತ್ತು. ಆ ಎಲ್ಲೆಯನ್ನು ವರ್ಷಕ್ಕೊಮ್ಮೆ ಸುತ್ತಿ ಗಟ್ಟಿ ಮಾಡುವುದೇ ಹಬ್ಬ. ಮೊದಲು ಕಾಲ್ನಡಿಗೆಯಲ್ಲಿ ನಡೆಯುತ್ತಿತ್ತು, ಆಮೇಲೆ ಕುದುರೆಗಳು ಬಂದವು. ಮೆರವಣಿಗೆಯಲ್ಲಿ ಹೊರುವ ವಸ್ತುಗಳನ್ನು ಕೇಳಿ: ಆಳೆತ್ತರಕ್ಕೂ ಮೇಲೆ ಹಿಡಿದ ಮುಳ್ಳುಗಿಡ, ಗುಲಾಬಿ ಹೂವಿನ ಕಿರೀಟ, ಹೆದರ್ ಎಂಬ ಗುಡ್ಡದ ಹೂ ಸುತ್ತಿದ ಸನಿಕೆ, ಮತ್ತೆ ಒಂದು ಮರದ ತಟ್ಟೆಗೆ ದಪ್ಪ ಮೊಳೆ ಹೊಡೆದು ಕೂರಿಸಿದ ಬಾರ್ಲಿ ರೊಟ್ಟಿ ಮತ್ತು ಉಪ್ಪು ಮೀನು! ಸನಿಕೆ ಸುಮ್ಮನೆ ಅಲಂಕಾರಕ್ಕಲ್ಲ. ಎಲ್ಲೆಯ ಮೇಲೆ ಹುಲ್ಲುಮಣ್ಣಿನ ಹೆಂಟೆ ಕಡಿಯುತ್ತಾರೆ. ಇದು ನಮ್ಮದು ಅನ್ನುವುದಕ್ಕೆ ಅದೇ ಗುರುತು. ಕುದುರೆಗಳು ಕಡಿದಾದ ಓಣಿಯಲ್ಲಿ ನಾಗಾಲೋಟದಲ್ಲಿ ಗುಡ್ಡ ಹತ್ತಿ ಮಾಲ್ಕಂ ಕಂಬದವರೆಗೂ ಹೋಗುತ್ತವೆ.

ಕಂಬದ ಕೆಳಗೆ ಸ್ಯಾಂಡ್‌ವಿಚ್ ತಿನ್ನುತ್ತಿದ್ದ ಸ್ಥಳೀಯರೊಬ್ಬರನ್ನು ಮಾಲ್ಕಂ ಬಗ್ಗೆ ಕೇಳಿದೆ. ‘ಇಂಡಿಯಾದಲ್ಲಿ ಏನೋ ಆಗಿದ್ದ’ ಅಂದರು. ಗೋಮಾಳದ ಎಲ್ಲೆ ಬಗ್ಗೆ ಕೇಳಿದ್ದಕ್ಕೆ ಅರ್ಧ ಗಂಟೆ ಬಿಡಲಿಲ್ಲ! ನನಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಕುದುರೆ ಹತ್ತಿ ಪ್ರತಿ ವರ್ಷ ಸುತ್ತುವುದು ನೆನಪಿನಲ್ಲಿ ಉಳಿಯುತ್ತದೆ. ಕಲ್ಲಿನಲ್ಲಿ ಬರೆಸಿಟ್ಟದ್ದನ್ನು ಯಾರು ಓದುತ್ತಾರೆ? ಹಾಗಾಗಿ ನನ್ನ ಹಾಳೆಯಲ್ಲಿ ಗೋಮಾಳದ ಎಲ್ಲೆಗೆ ದಪ್ಪ ಹಸಿರು ಗೆರೆ, ಮಾಲ್ಕಂನಿಗೆ ಒಂದು ಸಣ್ಣ ಚುಕ್ಕೆ ಮತ್ತು ಉದ್ದನೆಯ ಟಿಪ್ಪಣಿ.

ಇನ್ನೊಂದು ಸಣ್ಣ ಟಿಪ್ಪಣಿ ನೀಲ್ ಆರ್ಮ್‌ಸ್ಟ್ರಾಂಗ್‌ಗೆ. ಚಂದ್ರನ ಮೇಲೆ ಕಾಲಿಟ್ಟವರು 1972ರಲ್ಲಿ ತಮ್ಮ ಮನೆತನದ ಈ ಊರಿಗೂ ಬಂದರು, ಊರಿನವರು ಗೌರವ ಕೊಟ್ಟರು. ಊರೊಳಗೆ ಆರ್ಮ್‌ಸ್ಟ್ರಾಂಗ್ ಸಿಕ್ಕಿದರೆ ನೇಣು ಹಾಕಬೇಕು ಅನ್ನುವ ನಾನೂರು ವರ್ಷದ ಹಳೇ ಕಾನೂನನ್ನೂ ಅಲ್ಲಿ ಓದಿ ನಗಿಸಿದರಂತೆ.

ಲಿಡ್ಲ್ ಹಾಳೆ ಪೂರ್ತಿ ರೈಲಿನ ಕತೆ. ಎಡಿನ್‌ಬರೋದಿಂದ ಕಾರ್ಲೈಲ್‌ಗೆ ಹೋಗುತ್ತಿದ್ದ ವೇವರ್ಲಿ ರೈಲುಮಾರ್ಗ 1969ರ ಜನವರಿಯಲ್ಲಿ ಮುಚ್ಚಿತು. ಕೊನೆಯ ರಾತ್ರಿ ಲಂಡನ್ನಿಗೆ ಹೊರಟ ಸ್ಲೀಪರ್ ರೈಲನ್ನು ನ್ಯೂಕ್ಯಾಸಲ್‌ಟನ್ ಹಳ್ಳಿಯವರು ತಡೆದರು. ಲೆವೆಲ್ ಕ್ರಾಸಿಂಗಿನ ಗೇಟು ಎಳೆದು ಹಳಿಯ ಮೇಲೆ ನಿಂತರು. ಮುಂದಾಳು ಯಾರು ಗೊತ್ತಾ? ಚರ್ಚಿನ ಪಾದ್ರಿ ಬ್ರೈಡನ್ ಮೇಬನ್. ಪೊಲೀಸರು ಅವರನ್ನು ಹಿಡಿದುಕೊಂಡು ಹೋದರು. ಅದೇ ರೈಲಿನಲ್ಲಿದ್ದ ಆ ಭಾಗದ ಸಂಸದ ಡೇವಿಡ್ ಸ್ಟೀಲ್ ಇಳಿದು ಬಂದು ರಾಜಿ ಮಾಡಿಸಿದರು: ಪಾದ್ರಿಯನ್ನು ಬಿಡಬೇಕು, ಜನ ದಾರಿ ಬಿಡಬೇಕು. ರೈಲು ಹೋಯಿತು, ಮತ್ತೆ ಬರಲಿಲ್ಲ. 2015ರಲ್ಲಿ ಎಡಿನ್‌ಬರೋದಿಂದ ಟ್ವೀಡ್‌ಬ್ಯಾಂಕ್‌ವರೆಗೆ ಮಾತ್ರ ರೈಲು ವಾಪಸ್ ಬಂತು. ಹಾಯ್ಕ್ ಮತ್ತು ನ್ಯೂಕ್ಯಾಸಲ್‌ಟನ್ ಕಾಯುತ್ತಲೇ ಇವೆ.

ಅದರ ಉತ್ತರಕ್ಕೆ ರಿಕಾರ್ಟನ್ ಜಂಕ್ಷನ್. ಗುಡ್ಡಗಳ ನಡುವೆ ರೈಲ್ವೆಯವರಿಗೋಸ್ಕರವೇ ಹುಟ್ಟಿದ ಊರು. ರಸ್ತೆಯೇ ಇರಲಿಲ್ಲ! 1960ರ ದಶಕದಲ್ಲಿ ಅರಣ್ಯದವರು ಮಣ್ಣಿನ ದಾರಿ ಮಾಡುವವರೆಗೂ ಹೋಗಿ ಬರಲು ರೈಲೇ ಗತಿ. ಸಾಮಾನಿನ ಅಂಗಡಿ ಪ್ಲಾಟ್‌ಫಾರ್ಮಿನ ಮೇಲೆ. ದೊಡ್ಡ ಶಾಲೆಗೆ ಮಕ್ಕಳು ಹಾಯ್ಕ್‌ಗೆ ರೈಲಿನಲ್ಲಿ. ವೈದ್ಯರು ಬೇಕೆಂದರೂ ರೈಲು. ರೈಲು ನಿಂತ ಮೇಲೆ ಊರೂ ಖಾಲಿ. ಹಳೇ ನಕ್ಷೆಯಲ್ಲಿ ಮನೆಗಳ ಸಾಲು ಅಚ್ಚುಕಟ್ಟಾಗಿದೆ, ಈಗಿನ ನಕ್ಷೆಯಲ್ಲಿ ಬರೀ ಕಾಡು. ನಾನು ಮನೆಗಳನ್ನು ಚುಕ್ಕೆಗೆರೆಯಲ್ಲಿ ಬಿಡಿಸಿದ್ದೇನೆ. ಇಂಕು ಹಾಕುವಾಗ ಚುಕ್ಕೆಗೆರೆಗೆ ಜಾಸ್ತಿ ಹೊತ್ತು ಹಿಡಿಯುತ್ತದೆ, ಅದಕ್ಕೇ ಈ ಹಾಳೆ ನಿಂತಿರುವುದು.

ಟೀವಿಯಟ್ ಹಾಳೆಯಲ್ಲಿ ಸದ್ಯಕ್ಕೆ ಡೆನಮ್ ಮತ್ತು ಮಿಂಟೋ. ಹೊಳೆಯ ಈ ದಡ, ಆ ದಡ. ಡೆನಮ್ ಹಸಿರು ಮೈದಾನದ ಸುತ್ತ ಕಟ್ಟಿದ ಪುಟ್ಟ ಹಳ್ಳಿ. ಮೈದಾನದ ನಡುವೆ ಜಾನ್ ಲೇಡನ್ ಸ್ಮಾರಕ. 1775ರಲ್ಲಿ ಇದೇ ಊರಲ್ಲಿ ಹುಟ್ಟಿದವನು, ಕುರುಬನ ಮಗ. ಇಂಡಿಯಾಕ್ಕೆ ಹೋಗಬೇಕೆಂದರೆ ಸಿಗುವುದು ವೈದ್ಯನ ಕೆಲಸ ಮಾತ್ರ ಅಂತ ಗೊತ್ತಾದಾಗ ಕೆಲವೇ ತಿಂಗಳಲ್ಲಿ ಓದಿ ವೈದ್ಯನಾದ! 1803ರಲ್ಲಿ ಮದ್ರಾಸಿಗೆ ಬಂದ. ಮರುವರ್ಷ ಕಾಲಿನ್ ಮೆಕೆಂಜಿಯ ಮೈಸೂರು ಸರ್ವೆಗೆ ವೈದ್ಯನಾಗಿ ಸೇರಿದ. ಊರೂರಿನ ಚರಿತ್ರೆ ಹೇಳುವ ಕೈಫಿಯತ್ತುಗಳನ್ನು ಕೂಡಿಹಾಕಿದ ಅದೇ ಮೆಕೆಂಜಿ. ಲೇಡನ್ ಕಲಿಯಲು ಕೈಹಾಕಿದ ಭಾಷೆಗಳಲ್ಲಿ ಕನ್ನಡವೂ ಒಂದು.

ಮೈಸೂರು ಸೀಮೆಯಲ್ಲೇ ಅವನು ಕಾಯಿಲೆ ಬಿದ್ದ. ದಿಂಬಿಗೆ ಒರಗಿಕೊಂಡೇ ಅನುವಾದ ಮಾಡುತ್ತಿದ್ದ. ಓದು ಬಿಡದಿದ್ದರೆ ಸಾಯ್ತೀಯ ಅಂದ ವೈದ್ಯನಿಗೆ, ಬದುಕಲಿ ಸಾಯಲಿ, ಚಕ್ರ ಕೊನೆವರೆಗೂ ತಿರುಗಲೇಬೇಕು ಅಂದನಂತೆ. ಇದನ್ನು ಬರೆದಿಟ್ಟವನು ಹಾಸಿಗೆ ಪಕ್ಕ ಕೂತಿದ್ದ ಜಾನ್ ಮಾಲ್ಕಂ. ಇನ್ನೊಂದು ಸಲ ಲೇಡನ್ ಹುಷಾರಿಲ್ಲದೆ ಮಲಗಿದ್ದಾಗ ಮಾಲ್ಕಂ ಊರಿಂದ ಬಂದ ಕಾಗದ ಓದಿ ಹೇಳಿದ. ನೆಪೋಲಿಯನ್ ದಂಡು ಬಂತೆಂಬ ಸುಳ್ಳು ಸುದ್ದಿಗೆ ಗುಡ್ಡಗಳ ಮೇಲೆ ಬೆಂಕಿ ಹತ್ತಿಸಿ, ಗಡಿಯ ಜನರೆಲ್ಲ ರಾತ್ರೋರಾತ್ರಿ ಆಯುಧ ಹಿಡಿದು ಓಡಿ ಬಂದ 1804ರ ಸುದ್ದಿ. ಕೇಳುತ್ತಲೇ ರೋಗಿ ಎದ್ದು ನಿಂತು ಗಡಿಯ ಹಾಡೊಂದನ್ನು ಗಟ್ಟಿಯಾಗಿ ಹಾಡತೊಡಗಿದನಂತೆ. ಡೆನಮ್‌ಗೂ ಲ್ಯಾಂಗಮ್‌ಗೂ ಈಗ ಕಾರಿನಲ್ಲಿ ಒಂದು ಗಂಟೆಯೂ ಬೇಡ. ಈ ಎರಡು ಊರಿನವರು ಅಷ್ಟು ದೂರದಲ್ಲಿ ಕೂತು ಊರ ಸುದ್ದಿ ಹಂಚಿಕೊಂಡಿದ್ದು ನನಗೆ ಯುದ್ಧದ ಕತೆಗಿಂತ ಹಿಡಿಸಿತು.

ಲೇಡನ್ 1811ರಲ್ಲಿ ಬ್ರಿಟಿಷರ ದಂಡಿನ ಜೊತೆ ಹೋಗಿ ಜಾವಾದಲ್ಲಿ ತೀರಿಕೊಂಡ, ವಯಸ್ಸು 35. ಆ ದಂಡಯಾತ್ರೆಯ ಮುಖ್ಯಸ್ಥ ಗವರ್ನರ್ ಜನರಲ್ ಲಾರ್ಡ್ ಮಿಂಟೋ, ಅಂದರೆ ಹೊಳೆಯಾಚೆಯ ಊರಿನ ದೊಡ್ಡಮನೆಯ ಯಜಮಾನ. ಜಾವಾದಿಂದ ಕ್ರಿ.ಶ. 928ರ ಒಂದು ದೊಡ್ಡ ಶಿಲಾಶಾಸನವನ್ನು ಮಿಂಟೋಗೆ ಉಡುಗೊರೆಯಾಗಿ ಕಳಿಸಿದರು. ತೂಕ ಮೂರು ಟನ್ನಿಗಿಂತ ಹೆಚ್ಚು. ಅದನ್ನು ಸಂಗ್ರಹಿಸುವುದರಲ್ಲಿ ಮೆಕೆಂಜಿಯ ಕೈಯೂ ಇತ್ತು. ನಮ್ಮ ಶಾಸನಗಳ ಕೊನೆಗೆ ಇರುವಂತೆ ಅದರಲ್ಲೂ ಶಾಪಾಶಯ ಇದೆ: ಕಟ್ಟಳೆ ಮೀರಿದವರಿಗೆ ಕೇಡಾಗಲಿ ಅಂತ. ಆ ಶಾಸನ ಎರಡು ಶತಮಾನ ಟೀವಿಯಟ್ ಮಳೆಯಲ್ಲಿ ನೆನೆಯಿತು. ಇಂಡೊನೇಷ್ಯಾದವರು ವಾಪಸ್ ಕೇಳಿದ್ದಾರೆ. ಕೊಡಲೇಬೇಕು ಅನ್ನುವುದು ನನ್ನ ಅಭಿಪ್ರಾಯ, ನಕ್ಷೆಯ ಅಂಚಿನಲ್ಲೂ ಹಾಗೇ ಬರೆಯುತ್ತೇನೆ.

‘ಅಷ್ಟು ಚಳೀಲಿ ಆ ಹಳ್ಳಿಗಳಲ್ಲಿ ಏನ್ ಹುಡುಕ್ತೀಯೋ?’ ಅಂತ ಅಮ್ಮ ಫೋನಿನಲ್ಲಿ ಬೈದಳು. ಲೇಡನ್ ಕತೆ ಹೇಳಿದೆ. ‘ಕಾಯ್ಲೆ ಬಂದಾಗ್ಲೂ ಓದ್ತಿದ್ನಾ? ನೀನು ಓದ್ಲಿಲ್ಲ ಬಿಡು’ ಅಂದಳು.

ಮುಂದಿನದು ಟ್ವೀಡ್ ಹಾಳೆ. ಹೊಳೆ ಸಮುದ್ರ ಸೇರುವಲ್ಲಿನ ಬೆರಿಕ್ ಊರಿನ ಬಗ್ಗೆ ಎಲ್ಲರೂ ಬರೆದಿರುವುದರಿಂದ ಅಲ್ಲಿ ಹದಿನೈದು ಕಮಾನಿನ ಹಳೇ ಸೇತುವೆ ಬಿಡಿಸಿ ಮುಂದೆ ಹೋಗುತ್ತೇನೆ. ತಲೆನೋವು ಸ್ಕಾಟ್ಲೆಂಡ್ ದಡದ ಕೋಲ್ಡ್‌ಸ್ಟ್ರೀಮ್ ಊರಿನ ಹತ್ತಿರದ್ದು. ಅಲ್ಲಿ ಹೊಳೆಯೇ ಗಡಿ, ಆದರೆ ಇಂಗ್ಲೆಂಡಿನ ದಡದಲ್ಲಿ ಬಾ ಗ್ರೀನ್ ಎಂಬ ಎರಡು ಮೂರು ಎಕರೆ ಹುಲ್ಲುಗಾವಲು ಸ್ಕಾಟ್ಲೆಂಡಿಗೆ ಸೇರಿದೆ. ಕೋಲ್ಡ್‌ಸ್ಟ್ರೀಮ್‌ನವರೂ ಇಂಗ್ಲೆಂಡ್ ದಡದ ವಾರ್ಕ್ ಹಳ್ಳಿಯವರೂ ವರ್ಷವೂ ಚೆಂಡಾಟ ಆಡಿ, ಗೆದ್ದವರು ಆ ನೆಲ ಇಟ್ಟುಕೊಳ್ಳುತ್ತಿದ್ದರಂತೆ. ಕೋಲ್ಡ್‌ಸ್ಟ್ರೀಮ್ ಬೆಳೆದು ಆಳುಗಳು ಜಾಸ್ತಿಯಾದ ಮೇಲೆ ಆಟವೇ ನಿಂತು ನೆಲ ಅವರಲ್ಲೇ ಉಳಿಯಿತು ಅನ್ನುತ್ತಾರೆ. ನನ್ನ ಅಳತೆಯಲ್ಲಿ ಅದು ಸಾಸಿವೆ ಕಾಳಿನಷ್ಟೂ ಬರುವುದಿಲ್ಲ. ಅಂಚಿನಲ್ಲಿ ಚೌಕ ಹಾಕಿ ಅದೊಂದನ್ನು ದೊಡ್ಡದು ಮಾಡಿ ತೋರಿಸಬೇಕು. ಟ್ವೀಡ್‌ಗೆ ಎ3 ಸಾಲದು ಅಂತ ಎ2 ಹಾಳೆಗೆ ಆರ್ಡರ್ ಹಾಕಿದ್ದೇನೆ.