ನಾಲ್ಕು ಸಲ ಗೆದ್ದ ಮೇಲೂ ಬಾಸ್ಟನ್‌ನವ್ರು ಸೋತಿದ್ದನ್ನೇ ಯಾಕೆ ಮಾತಾಡ್ತಾರೆ?

ನಾನು ಬಾಸ್ಟನ್ನಿನ ಬೇಸ್‌ಬಾಲ್ ಟೀಮು ರೆಡ್ ಸಾಕ್ಸ್‌ನ ಫ್ಯಾನು ಅಂತ ಗೊತ್ತಿರೋ ಕನ್ನಡದ ಫ್ರೆಂಡ್ಸು, ಅದ್ರಲ್ಲೂ ಹೊಸದಾಗಿ ಬಾಸ್ಟನ್ ಕಡೆ ಕೆಲಸಕ್ಕೆ ಬಂದವ್ರು, ತಪ್ಪದೇ ಕೇಳೋ ಪ್ರಶ್ನೆ ಇದು. "ಅಲ್ಲ ಗುರು, ನಿಮ್ ಟೀಮು 2004, 2007, 2013, 2018 ಅಂತ ನಾಲ್ಕ್ ಸಲ ವರ್ಲ್ಡ್ ಸೀರೀಸ್ ಗೆದ್ದಿದೆ, ಆದ್ರೂ ನಮ್ಮ ಆಫೀಸಲ್ಲಿರೋ ಹಿರೀಕ್ರು ಬಾಯ್ ಬಿಟ್ರೆ 1986 ಅಂತಾರೆ, 2003 ಅಂತಾರೆ, ಸೋತ ಕಥೆನೇ ಹೇಳ್ತಾರೆ, ಏನಿವ್ರ ಪ್ರಾಬ್ಲಮ್ಮು?"

ನನ್ನ ಉತ್ತರ ಏನಪ್ಪಾ ಅಂದ್ರೆ, ಗೆದ್ದಿದ್ದಕ್ಕೇ ಮಾತಾಡ್ತಿದಾರೆ. 2004ಕ್ಕೆ ಮುಂಚೆ ಈ ಕಥೆಗಳನ್ನ ನಗ್ತಾ ಹೇಳೋ ಧೈರ್ಯ ಯಾರಿಗೂ ಇರ್ಲಿಲ್ವಂತೆ. ನಾನು ಇಲ್ಲಿಗೆ ಬಂದಿದ್ದು ಅದಾದ್ಮೇಲೆ, ಹಾಗಾಗಿ ನನಗೆ ಸಿಕ್ಕಿದ್ದೆಲ್ಲ ಅವ್ರು ಹೇಳಿದ್ದು, ಆಮೇಲೆ ಹಳೇ ಮ್ಯಾಚ್ ವಿಡಿಯೋಗಳಲ್ಲಿ ನೋಡಿದ್ದು.

ಹಿನ್ನೆಲೆ ಬೇಗ ಹೇಳ್ಬಿಡ್ತೀನಿ. ವರ್ಲ್ಡ್ ಸೀರೀಸ್ ಅಂದ್ರೆ ಅಮೆರಿಕದ ಬೇಸ್‌ಬಾಲ್ ಫೈನಲ್ಲು, ಏಳು ಮ್ಯಾಚಲ್ಲಿ ಮೊದಲು ನಾಲ್ಕು ಗೆದ್ದವ್ರಿಗೆ ಕಪ್ಪು. 1918ರಲ್ಲಿ ಗೆದ್ರು, ಅದಾಗಿ ಎರಡು ವರ್ಷ ಆಗೋದ್ರೊಳಗೆ ತಮ್ಮ ಸ್ಟಾರ್ ಆಟಗಾರ ಬೇಬ್ ರೂತ್‌ನ ಎದುರಾಳಿ ಟೀಮು ನ್ಯೂಯಾರ್ಕ್ ಯಾಂಕೀಸ್‌ಗೆ ಮಾರಿದ್ರು, ಆಮೇಲೆ 86 ವರ್ಷ ಕಪ್ಪಿಲ್ಲ. ಈ ಮಧ್ಯೆ 1946, 1967, 1975, 1986 ಅಂತ ನಾಲ್ಕು ಸಲ ವರ್ಲ್ಡ್ ಸೀರೀಸ್‌ಗೆ ಹೋಗಿದಾರೆ, ನಾಲ್ಕೂ ಸಲ ಏಳನೇ ಮ್ಯಾಚ್‌ವರೆಗೂ ಎಳ್ಕೊಂಡು ಹೋಗಿ ಸೋತಿದಾರೆ. 1978 ಬೇರೆ ಇದೆ, ಯಾಂಕೀಸ್‌ಗಿಂತ 14 ಗೇಮ್ ಮುಂದಿದ್ದವ್ರು ಸೀಸನ್ ಮುಗಿಯೋ ಹೊತ್ತಿಗೆ ಸಮ ಆಗಿ, ನಿರ್ಧಾರಕ್ಕೆ ಅಂತ ಇಟ್ಟ ಒಂದೇ ಒಂದು ಮ್ಯಾಚಲ್ಲಿ ಯಾಂಕೀಸ್‌ನ ಬಕ್ಕಿ ಡೆಂಟ್ ಹೊಡೆದ ಹೋಮ್ ರನ್ನಿಂದ (ನಮ್ಮ ಸಿಕ್ಸರ್ ಥರ) 5-4ಕ್ಕೆ ಮನೆಗೆ ಹೋದ್ರು. ಡೆಂಟ್ ಹೆಸರಿನ ಮಧ್ಯೆ ಬಾಸ್ಟನ್‌ನಲ್ಲಿ ಒಂದು ಬೈಗುಳ ಸೇರಿಸ್ತಾರೆ, ಇಲ್ಲಿ ಬರೆಯೋ ಹಾಗಿಲ್ಲ.

ಇದಕ್ಕೆಲ್ಲ ರೂತ್ ಶಾಪ ಅಂತ ಒಂದು ಕಥೆ ಕಟ್ಟಿದಾರೆ, ನನಗೆ ಅದರ ಮೇಲೆ ನಂಬಿಕೆ ಇಲ್ಲ. ಕಪ್ಪು ಆಟಗಾರ ಜಾಕಿ ರಾಬಿನ್ಸನ್ 1945ರಲ್ಲಿ ರೆಡ್ ಸಾಕ್ಸ್ ಮೈದಾನ ಫೆನ್ವೇ ಪಾರ್ಕಿಗೇ ಬಂದು ಟ್ರೈಔಟ್ ಕೊಟ್ಟು ಹೋಗಿದ್ರು, ತಗೊಳ್ಳಿಲ್ಲ. ಮೇಜರ್ ಲೀಗಲ್ಲಿ, ಅಂದ್ರೆ ಅಮೆರಿಕದ ಟಾಪ್ ಬೇಸ್‌ಬಾಲ್ ಲೀಗಲ್ಲಿ, ಕಪ್ಪು ಆಟಗಾರನನ್ನ ಆಡಿಸಿದ ಕೊನೇ ಟೀಮು ಇದು, ಅದೂ 1959ರಲ್ಲಿ. ಅಷ್ಟು ವರ್ಷ ಒಳ್ಳೊಳ್ಳೆ ಆಟಗಾರ್ರನ್ನ ಬಾಗ್ಲಲ್ಲೇ ತಡೆದು ಆಮೇಲೆ ಶಾಪ ಅಂದ್ರೆ ಹೇಗೆ?

ಸರಿ, 1986. ಎಲ್ಲರೂ ಬಂದು ನಿಲ್ಲೋದು ಇಲ್ಲೇ. ನ್ಯೂಯಾರ್ಕ್ ಮೆಟ್ಸ್ ಮೇಲೆ 3-2 ಮುಂದೆ, ಅಕ್ಟೋಬರ್ 25, ಶೇ ಸ್ಟೇಡಿಯಂ, ಆರನೇ ಮ್ಯಾಚು, ಒಂಬತ್ತು ಇನ್ನಿಂಗ್ಸ್ ಸಮ ಆಗಿ ಹತ್ತನೇ ಇನ್ನಿಂಗ್ಸಲ್ಲಿ 5-3 ಲೀಡು, ಮೆಟ್ಸ್‌ದು ಎರಡು ಔಟ್ ಆಗಿದೆ, ಮೂರಾದ್ರೆ ಮುಗೀತು, ಓಡೋಕೆ ಬೇಸ್ ಮೇಲೆ ಒಬ್ಬನೂ ಇಲ್ಲ. ಸ್ಟೇಡಿಯಂ ಬೋರ್ಡಲ್ಲಿ ರೆಡ್ ಸಾಕ್ಸ್‌ಗೆ ಅಭಿನಂದನೆ ಅಂತ ಒಂದು ಕ್ಷಣ ಬಂದೂ ಹೋಯ್ತು. ಅಲ್ಲಿಂದ ಸಾಲಾಗಿ ಮೂರು ಸಿಂಗಲ್ (ಹೊಡೆದು ಮೊದಲ್ನೇ ಬೇಸ್ ಮುಟ್ಟೋದು, ಅಷ್ಟಕ್ಕೇ ರನ್ ಇಲ್ಲ), 5-4. ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟು, ಇನ್ನೊಂದೇ ಒಂದು ಸ್ಟ್ರೈಕ್ ಬಿದ್ದಿದ್ರೆ ಮುಗೀತಿತ್ತು. ಹೊಸದಾಗಿ ಬಂದ ಪಿಚರ್ (ನಮ್ಮ ಬೌಲರ್ ಥರ) ಬಾಬ್ ಸ್ಟ್ಯಾನ್ಲಿ ಎಸೆದ ಬಾಲು ಕ್ಯಾಚರ್‌ನ ದಾಟಿ ಹಿಂದೆ ಹೋಯ್ತು, ನಮ್ಮಲ್ಲಿ ವೈಡ್ ಹಾಕಿ ಅದು ಕೀಪರ್ ಕೈಗೂ ಸಿಗದೇ ಹೋಗುತ್ತಲ್ಲ ಹಾಗೆ, ಬೇಸ್ ಮೇಲಿದ್ದವ್ನು ಓಡಿ ಬಂದ, 5-5. ಆಮೇಲೆ ಮೆಟ್ಸ್‌ನ ಮೂಕಿ ವಿಲ್ಸನ್ ಮೆತ್ತಗೆ ತಳ್ಳಿದ ಬಾಲು ಉರುಳ್ಕೊಂಡು ಫಸ್ಟ್ ಬೇಸ್ ಕಡೆ ಬಂದು ಅಲ್ಲಿ ನಿಂತಿದ್ದ ಬಾಸ್ಟನ್‌ನ ಬಿಲ್ ಬಕ್ನರ್ ಕಾಲ್ಗಳ ಮಧ್ಯೆ ಹಾದು ಹೋಯ್ತು, ರೇ ನೈಟ್ ಓಡಿ ಬಂದ, 6-5.

ಈ ಕೊನೇ ಸೀನನ್ನ ಮಾತ್ರ ಟಿವಿಯವ್ರು ವರ್ಷಗಟ್ಟಲೆ ತೋರಿಸಿದ್ರು. ಬಾಲು ಬಕ್ನರ್ ಹತ್ರ ಬರೋ ಹೊತ್ತಿಗೆ ಲೀಡ್ ಹೋಗಿ ಸ್ಕೋರ್ ಸಮ ಆಗಿತ್ತು ಅನ್ನೋದು ಯಾರಿಗೂ ನೆನಪಿರ್ಲಿಲ್ಲ. ಎರಡೂ ಕಾಲಿನ ಪಾದದ ಗಂಟು ಹಾಳಾಗಿದ್ದ 36ರ ಮನುಷ್ಯ, ಲೀಡ್ ಇದ್ದಾಗ ಕೊನೇಲಿ ಅವನ್ನ ತೆಗೆದು ಡೇವ್ ಸ್ಟೇಪಲ್ಟನ್‌ನ ನಿಲ್ಲಿಸ್ತಿದ್ದ ಮ್ಯಾನೇಜರ್ ಅವತ್ತು ನಿಲ್ಲಿಸ್ಲಿಲ್ಲ, ಅದೂ ಯಾರಿಗೂ ನೆನಪಿಲ್ಲ. ಅಷ್ಟೇ ಅಲ್ಲ, ಏಳನೇ ಮ್ಯಾಚು ಇನ್ನೂ ಬಾಕಿ ಇತ್ತು ಕಣ್ರೀ, ಅದ್ರಲ್ಲಿ 3-0 ಮುಂದಿದ್ದು 8-5ಕ್ಕೆ ಸೋತ್ರು! 2,715 ಹಿಟ್ ಹೊಡೆದಿರೋ ಆಟಗಾರನ ಹೆಸ್ರು ಒಂದು ಉರುಳೋ ಬಾಲಿಗೆ ಅಂಟ್ಕೊಂಡ್ಬಿಡ್ತು.

ಇದನ್ನ ನನಗೆ ಇಷ್ಟು ವಿವರವಾಗಿ, ಬಕ್ನರ್ ಪರವಾಗಿ ವಾದ ಮಾಡ್ತಾ ಹೇಳಿದ್ದು ಯಾರು ಗೊತ್ತಾ, ಆಗ ಅವನಿಗೆ ಬೈದಿದ್ದವ್ರೇ. 2008ರ ಏಪ್ರಿಲ್‌ನಲ್ಲಿ, ಹಿಂದಿನ ವರ್ಷ ಗೆದ್ದ ಬ್ಯಾನರ್ ಏರಿಸೋ ದಿನ, ಬಕ್ನರ್‌ನ ಫೆನ್ವೇಗೆ ಕರೆದು ಗೌರವಕ್ಕೆ ಮೊದಲ ಪಿಚ್, ಅಂದ್ರೆ ಮೊದಲ ಬಾಲು, ಹಾಕ್ಸಿದ್ರು, ಇಡೀ ಸ್ಟೇಡಿಯಂ ಎದ್ದು ನಿಂತು ಚಪ್ಪಾಳೆ ಹೊಡೀತು, ಅವನು ಕಣ್ಣು ಒರಸ್ಕೊಂಡ. 2004 ಗೆಲ್ದೇ ಇದ್ದಿದ್ರೆ ಈ ಚಪ್ಪಾಳೆ ಬರ್ತಿತ್ತಾ? ನನಗೆ ಡೌಟು. ಗೆದ್ದ ಮೇಲೆ ಬರೋ ಔದಾರ್ಯ ಸ್ವಲ್ಪ ಅಗ್ಗದ್ದು ಅಂತ ನನಗೆ ಒಳಗೊಳಗೇ ಅನ್ಸುತ್ತೆ, ಆದ್ರೂ ಬಂತಲ್ಲ.

ಇನ್ನು 2003ರದ್ದು. ಯಾಂಕೀಸ್ ಎದುರು ಲೀಗ್ ಫೈನಲ್ (ಗೆದ್ದವ್ರು ವರ್ಲ್ಡ್ ಸೀರೀಸ್‌ಗೆ) ಏಳನೇ ಮ್ಯಾಚು, ಎಂಟನೇ ಇನ್ನಿಂಗ್ಸಲ್ಲಿ 5-2 ಮುಂದೆ, ಬಾಸ್ಟನ್ ಪಿಚರ್ ಪೆಡ್ರೋ ಮಾರ್ಟಿನೆಜ್ ನೂರು ಪಿಚ್ ದಾಟಿ ಸುಸ್ತಾಗಿರೋದು ಟಿವಿ ಮುಂದೆ ಕೂತವ್ರಿಗೆಲ್ಲ ಕಾಣ್ತಿದೆ, ಮ್ಯಾನೇಜರ್ ಗ್ರೇಡಿ ಲಿಟ್ಲ್ ಮೈದಾನದ ಮಧ್ಯಕ್ಕೆ ಹೋಗಿ ಮಾತಾಡಿ ಅವನನ್ನ ಅಲ್ಲೇ ಬಿಟ್ಟು ವಾಪಸ್ ಬಂದ. 5-5 ಆಯ್ತು. ಹನ್ನೊಂದನೇ ಇನ್ನಿಂಗ್ಸಲ್ಲಿ ಯಾಂಕೀಸ್ ಬ್ಯಾಟಿಂಗ್ ಶುರು ಆದಾಗ ಬಾಸ್ಟನ್ ಪಿಚರ್ ಟಿಮ್ ವೇಕ್‌ಫೀಲ್ಡ್ ಹಾಕಿದ ಮೊದಲ್ನೇ ಬಾಲನ್ನ ಆರನ್ ಬೂನ್ ಸ್ಟ್ಯಾಂಡಿಗೆ ಕಳಿಸ್ದ, ಮುಗೀತು. ಡೆಂಟ್‌ಗೆ ಸೇರಿಸಿದ್ದ ಬೈಗುಳ ಅವನಿಗೂ ಸೇರ್ಕೊಂತು.

ಈಗ ನೋಡಿ, 2004ರ ಕಥೆನ 2003 ಬಿಟ್ಟು ಹೇಳೋಕೆ ಆಗುತ್ತಾ? ಅದೇ ಯಾಂಕೀಸ್, ಅದೇ ಲೀಗ್ ಫೈನಲ್, ಮೊದಲ ಮೂರೂ ಮ್ಯಾಚ್ ಸೋಲು, ಮೂರನೇದು 19-8. ಅಂಥ ಹೊತ್ತಲ್ಲಿ ಮಾರನೇ ದಿನ ಮೊದಲ್ನೇ ಪಿಚರ್ ಆಗಿ ಸ್ಟಾರ್ಟ್ ಮಾಡ್ಬೇಕಿದ್ದ ವೇಕ್‌ಫೀಲ್ಡ್, ಬೇರೆ ಪಿಚರ್‌ಗಳಿಗೆ ರೆಸ್ಟ್ ಸಿಗ್ಲಿ ಅಂತ ತನ್ನ ಚಾನ್ಸ್ ಬಿಟ್ಟು ಆ ಹೀನಾಯ ಮ್ಯಾಚಲ್ಲೇ ಬಂದು ಬಾಲ್ ಹಾಕ್ದ. ನಾಲ್ಕನೇ ಮ್ಯಾಚಲ್ಲಿ ಡೇವ್ ರಾಬರ್ಟ್ಸ್ ಸೆಕೆಂಡ್ ಬೇಸ್ ಕದ್ದಿದ್ದು (ಪಿಚರ್ ಬಾಲ್ ಹಾಕೋ ಹೊತ್ತಿಗೆ ಓಡಿ ಮುಂದಿನ ಬೇಸ್ ಸೇರೋದು) ಎಲ್ಲರಿಗೂ ಗೊತ್ತು, ಎದುರಿಗೆ ಇದ್ದಿದ್ದು ಯಾಂಕೀಸ್ ಪಿಚರ್ ಮರಿಯಾನೋ ರಿವೇರಾ ಅನ್ನೋ ಯಮ. ನನಗೆ ಅದಕ್ಕಿಂತ ಇಷ್ಟ ಐದನೇದು. ಹತ್ತಿರ ಹತ್ತಿರ ಆರು ಗಂಟೆ ನಡೆದ ಮ್ಯಾಚು, ಕೊನೇ ಮೂರು ಇನ್ನಿಂಗ್ಸ್ ಹಾಕಿದ್ದು ಅದೇ ವೇಕ್‌ಫೀಲ್ಡ್, ಅವನ ನಕಲ್‌ಬಾಲ್ (ತಿರುಗದೇ ತೇಲೋ ನಿಧಾನದ ಬಾಲು) ಎಷ್ಟು ಕುಣೀತಿತ್ತು ಅಂದ್ರೆ ಹದಿಮೂರನೇ ಇನ್ನಿಂಗ್ಸ್ ಒಂದರಲ್ಲೇ ಮೂರು ಸಲ ಕ್ಯಾಚರ್ ಕೈ ತಪ್ಪಿತ್ತು, ಒಂದು ರನ್ ಬಿಟ್ಟಿದ್ರೂ ಕಥೆ ಮುಗಿಯೋ ಹಾಗಿತ್ತು, ಬಿಡ್ಲಿಲ್ಲ. ಹದಿನಾಲ್ಕರಲ್ಲಿ ಡೇವಿಡ್ ಒರ್ಟಿಜ್ ಹೊಡೆದ, ಗೆದ್ರು. ಬೂನ್ ಹೊಡೆದಾಗ ವೇಕ್‌ಫೀಲ್ಡ್ ಮುಖ ನೋಡಿದವ್ರಿಗೆ ಮಾತ್ರ ಇದರ ರುಚಿ ಗೊತ್ತು. ಮೂರು ಸೋತ ಮೇಲೆ ನಾಲ್ಕೂ ಗೆದ್ದ ಟೀಮು ಮೇಜರ್ ಲೀಗಲ್ಲಿ ಅದಕ್ಕೆ ಮುಂಚೆ ಇರ್ಲೇ ಇಲ್ಲ. ಆಮೇಲೆ ವರ್ಲ್ಡ್ ಸೀರೀಸ್‌ನಲ್ಲಿ ಸೇಂಟ್ ಲೂಯಿಸ್ ಟೀಮನ್ನ 4-0 ಹೊಡೆದಿದ್ದನ್ನ ಹೆಚ್ಚಿನವ್ರು ಒಂದೇ ವಾಕ್ಯದಲ್ಲಿ ಮುಗಿಸ್ತಾರೆ!

ಅಕ್ಟೋಬರ್ 27ಕ್ಕೆ ಗೆದ್ದ ಮೇಲೆ ಬಹಳ ಜನ ಸ್ಮಶಾನಕ್ಕೆ ಹೋಗಿ ಅಪ್ಪನ, ಅಜ್ಜನ ಸಮಾಧಿ ಮೇಲೆ ಟೀಮಿನ ಬಾವುಟ, ಟೋಪಿ ಇಟ್ಟು ಬಂದ್ರು. ಕಾದು ಕಾದು ನೋಡದೇ ಹೋದವ್ರ ಪಾಲಿನದ್ದು ಅದು. ಸೋಲಿನ ಕಥೆ ಹೇಳುವಾಗ ಅವ್ರು ನಿಜವಾಗ್ಲೂ ಹೇಳ್ತಿರೋದು ಆ ಮ್ಯಾಚನ್ನ ಪಕ್ಕದಲ್ಲಿ ಯಾರು ಕೂತು ನೋಡಿದ್ರು ಅನ್ನೋದನ್ನ.

ಆರ್‌ಸಿಬಿ ಫ್ಯಾನ್ಸಿಗೆ ಇದನ್ನ ಜಾಸ್ತಿ ಬಿಡಿಸಿ ಹೇಳೋದೇ ಬೇಡ. 2025ರಲ್ಲಿ ಅಹಮದಾಬಾದಲ್ಲಿ ಕಪ್ ಬಂತು ನಿಜ, ಆದ್ರೆ 2016ರ ಫೈನಲ್ ಅಂದ ತಕ್ಷಣ, ಚಿನ್ನಸ್ವಾಮಿಯಲ್ಲಿ ಗೇಲ್-ಕೊಹ್ಲಿ ಮೊದಲ ವಿಕೆಟ್‌ಗೇ 114 ಹೊಡೆದು ಆಮೇಲೆ 8 ರನ್ನಲ್ಲಿ ಸೋತಿದ್ದು ಅಂತ ಬಾಯಿಪಾಠ ಒಪ್ಪಿಸಲ್ವಾ ನೀವು?

ಇನ್ನೂ ಡೌಟಿದ್ರೆ ಬಾಸ್ಟನ್ ಫ್ಯಾನ್ ಯಾರನ್ನಾದ್ರೂ 2018ರ ಬಗ್ಗೆ ಕೇಳಿ. 108 ಗೇಮ್ ಗೆದ್ದ ಟೀಮು, ಆರಾಮಾಗಿ ಕಪ್ ತಗೊಂಡ್ರು, "ಸೂಪರ್ ಟೀಮು" ಅಂತ ಹೇಳಿ ಸುಮ್ಮನಾಗ್ತಾರೆ. ಆ ವರ್ಷದ್ದು ಒಂದು ಮ್ಯಾಚ್ ಮಾತ್ರ ಕಣ್ಣರಳಿಸ್ಕೊಂಡು ಹೇಳ್ತಾರೆ, ಪ್ಲೇಆಫಲ್ಲಿ ಯಾಂಕೀಸ್‌ನ ಅವ್ರ ಸ್ಟೇಡಿಯಂನಲ್ಲೇ 16-1 ಹೊಡೆದಿದ್ದು. ಯಾಕೆ ಅಂದ್ರೆ ಆ ವರ್ಷ ಯಾಂಕೀಸ್‌ಗೆ ಹೊಸದಾಗಿ ಮ್ಯಾನೇಜರ್ ಆಗಿ ಬಂದಿದ್ದು ಆರನ್ ಬೂನ್.